ಹಳದಿ ಕಲ್ಲುಹೂವಿನ ಬಂಡೆ

ಕಲ್ಲುಹೂವು ನಮ್ಮಲ್ಲಿ ಎಲ್ಲರಿಗೂ ಪರಿಚಯವಾಗಿರುವುದು ಮಸಾಲೆ ಡಬ್ಬಿಯಲ್ಲಿ. ಬೂದುಬಣ್ಣ, ಮುದುರಿದ ಕಾಗದದಂಥ ಅಂಚು, ಅಂಗೈಯಲ್ಲಿ ಇಟ್ಟುಕೊಂಡರೆ ತೂಕವೇ ಗೊತ್ತಾಗುವುದಿಲ್ಲ. ನನಗೂ ಅಷ್ಟೇ ಗೊತ್ತಿತ್ತು. ಅದು ಗಿಡವಲ್ಲ, ಹೂವಂತೂ ಅಲ್ಲವೇ ಅಲ್ಲ, ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಸೇರಿಕೊಂಡು ಬಂಡೆಯ ಮೇಲೆ ಹೂಡಿದ ಸಂಸಾರ ಎಂದು ತಿಳಿದದ್ದು ಸ್ಯಾನ್ ಡಿಯಾಗೊದಲ್ಲಿ, ಲಾಕ್‌ಡೌನ್ ಕಾಲದಲ್ಲಿ.

ನಾನು ಬರ್ಬ್ಯಾಂಕಿನ ಒಂದು ಸ್ಟುಡಿಯೋಗೆ ಸಬ್‌ಟೈಟಲ್ ಹೊಂದಿಸುವ ಕೆಲಸ ಮಾಡುತ್ತೇನೆ. ಪರದೆಯ ಮೇಲಿನ ಮನುಷ್ಯ ಬಾಯಿ ತೆರೆದಾಗ ಅಕ್ಷರ ಬರಬೇಕು, ಮುಚ್ಚಿದಾಗ ಹೋಗಬೇಕು, ಇಷ್ಟೇ. 2020ರಲ್ಲಿ ಆಫೀಸು ಮುಚ್ಚಿತು, ಕೆಲಸ ಮನೆಗೆ ಬಂತು, ಮನೆಯ ಬಾಡಿಗೆ ಸ್ವಲ್ಪ ಕಡಿಮೆ ಇರುವ ಕಡೆ ಹೋಗೋಣವೆಂದು ಸ್ಯಾನ್ ಡಿಯಾಗೊಗೆ ಬಂದೆ. ದಿನವಿಡೀ ಬೇರೆಯವರ ಬಾಯಿ ನೋಡಿ ನೋಡಿ ಸಾಕಾಗಿ ಸಂಜೆ ವಾಕಿಂಗ್ ಹೋಗುತ್ತಿದ್ದೆ. ಕಾಲೊನಿಯ ಹಿಂದೆ ಒಂದು ಕಲ್ಲಿನ ತಡೆಗೋಡೆ. ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು. ಯಾರೋ ಪೇಂಟ್ ಚೆಲ್ಲಿದ್ದಾರೆ ಎಂದುಕೊಂಡು ವಾರಗಟ್ಟಲೆ ದಾಟಿ ಹೋಗಿದ್ದೇನೆ. ಒಂದು ದಿನ ಉಗುರಿನಿಂದ ಕೆರೆದೆ. ಪೇಂಟ್ ಆಗಿರಲಿಲ್ಲ. ಆಭರಣದ ಅಂಗಡಿಯವರು ಬಳಸುವಂಥ ಪುಟ್ಟ ಭೂತಗನ್ನಡಿಯೊಂದನ್ನು ತರಿಸಿಕೊಂಡು ನೋಡಿದೆ. ಸಾವಿರಾರು ಪುಟಾಣಿ ಬಟ್ಟಲುಗಳು, ಒಂದೊಂದಕ್ಕೂ ಅಂಚು ಕಟ್ಟಿದ ಬಟ್ಟಲುಗಳು. ನಾನು ಓದಿದ್ದು ಕಾಮರ್ಸು, ಆಮೇಲೆ ಮೀಡಿಯಾ ಕೋರ್ಸು. ಜೀವಶಾಸ್ತ್ರವನ್ನು ಹತ್ತನೇ ಕ್ಲಾಸಿನಲ್ಲಿ ಕೈಮುಗಿದು ಬಿಟ್ಟವಳು. ಆದರೆ ಆ ಬಟ್ಟಲುಗಳನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ಅರ್ಥವಾಗದ್ದನ್ನೂ ಓದಿದೆ, ಮತ್ತೆ ಓದಿದಾಗ ಸ್ವಲ್ಪ ಅರ್ಥವಾಯಿತು.

ಆ ಹೊತ್ತಿಗೆ ನಾನು ಒಬ್ಬರು ಆಂಟಿಯ ಮನೆಯಲ್ಲಿ ಬಾಡಿಗೆಗೆ ಸೇರಿದ್ದೆ. ಬಾಗಲಕೋಟೆ ಕಡೆಯವರು, ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರ್. ಗ್ಯಾರೇಜಿನ ಪಕ್ಕಕ್ಕೆ ಬೇರೆ ಬಾಗಿಲಿರುವ ಒಂದು ರೂಮು ನನ್ನದು. ಗ್ಯಾರೇಜಿನ ಒಂದು ಶೆಲ್ಫನ್ನೂ ನನಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ನನ್ನ ಕಲ್ಲುಚೂರುಗಳು ಕಾಗದದ ಪೊಟ್ಟಣಗಳಲ್ಲಿ ಒಣಗುತ್ತಿದ್ದವು. ಆಂಟಿ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ಈ ಹುಡುಗಿ ಕಲ್ಲಿನ ಮ್ಯಾಲಿನ ಕೊಳಿ ಕೆರಕೊಂಡು ಬರ್ತಾಳ, ಮತ್ತ ಅದಕ್ಕ ಹೆಸರೂ ಇಡ್ತಾಳ ಎಂದು ಪರಿಚಯ ಮಾಡಿಸುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಶೆಲ್ಫಿನ ಮೇಲೆ ಬೇರೆ ಯಾವ ಸಾಮಾನನ್ನೂ ಆಂಟಿ ಇಡಲು ಬಿಡುತ್ತಿರಲಿಲ್ಲ, ಅವರ ಮಗಳ ಸಾಕರ್ ಬೂಟನ್ನು ಕೂಡ.

ಸ್ಯಾನ್ ಡಿಯಾಗೊದ್ದೇ ಭಾಗವಾದ ಲಾ ಹೋಯಾದಲ್ಲಿ ಒಣಗಿಸಿದ ಗಿಡ, ಪಾಚಿ, ಕಲ್ಲುಹೂವುಗಳನ್ನು ಕೂಡಿಟ್ಟ ಒಂದು ಸಂಗ್ರಹಾಲಯವಿದೆ. ಅದನ್ನು ನೋಡಿಕೊಳ್ಳುವ ಮೇಡಂ ಒಬ್ಬರು ಪೂರ್ವಕ್ಕಿರುವ ಮರುಭೂಮಿಯ ಒಂದು ಬೆಟ್ಟಸಾಲಿನಲ್ಲಿ ಎಲ್ಲಿ ಯಾವ ಕಲ್ಲುಹೂವು ಬೆಳೆಯುತ್ತದೆ ಎಂದು ನಕ್ಷೆ ಮಾಡಿಸುತ್ತಿದ್ದರು. ಬೆಟ್ಟಸಾಲನ್ನು ಚೌಕ ಚೌಕವಾಗಿ ಹಂಚಿ, ಒಂದೊಂದು ಚೌಕಕ್ಕೆ ಒಬ್ಬೊಬ್ಬರನ್ನು ನೇಮಿಸಿದ್ದರು. ಅಲ್ಲಿ ಒಂದು ಚೂರು ಕಲ್ಲು ಎತ್ತಬೇಕಾದರೂ ಸರ್ಕಾರದ ಪರ್ಮಿಟ್ ಬೇಕು, ಪರ್ಮಿಟ್‌ನಲ್ಲಿ ಹೆಸರಿದ್ದವರು ಮಾತ್ರ ತಾವಾಗಿ ಸಂಗ್ರಹಿಸಬಹುದು. ನನ್ನಂಥ ಹವ್ಯಾಸಿ ಸಹಾಯಕರು ಮೇಡಂ ಜೊತೆಯಲ್ಲಿದ್ದಾಗ ಅವರ ಕಣ್ಣೆದುರಿಗೆ ಎತ್ತಬಹುದು, ನೀರಿನ ಕ್ಯಾನು ಹೊರಬಹುದು, ಪೊಟ್ಟಣ ಮಡಿಸಬಹುದು. ಎರಡು ಚಳಿಗಾಲ ನಾನು ಪೊಟ್ಟಣ ಮಡಿಸಿದೆ. ಬೇಜಾರಿರಲಿಲ್ಲ. ಆದರೆ ಒಂದು ಚೌಕ ಖಾಲಿಯಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೇರೆ ರಾಜ್ಯಕ್ಕೆ ಹೋಗಿದ್ದರು. ಒಂದು ಕಣಿವೆ, ಅದರ ಎರಡು ಬದಿಯ ಬೆಟ್ಟ, ನಡುವೆ ಒಂದು ಒಣ ಹಳ್ಳ. ಆ ಚೌಕ ನನಗೆ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ ಕೆಲಸದ ನಡುವೆ ಯಾವುದೋ ಸಿನಿಮಾದಲ್ಲಿ ಮರುಭೂಮಿ ಬಂದರೆ ಮಾತು ಬಿಟ್ಟು ಹಿಂದಿನ ಬಂಡೆಗಳನ್ನೇ ನೋಡುತ್ತಾ ಕೂರುತ್ತಿದ್ದೆ.

ಮಾರ್ಚಿನಲ್ಲಿ ಮೇಡಂ ಜೊತೆ ಆ ಕಣಿವೆಗೇ ಹೋಗಿದ್ದ ದಿನ ಧೈರ್ಯ ಮಾಡಿ ಕೇಳಿದೆ. ಮೇಡಂ ಹೆಚ್ಚು ಮಾತಾಡುವವರಲ್ಲ. ಆ ಕಣಿವೆಯಿಂದ ಅವತ್ತು ನಾನು ಎತ್ತಿದ್ದನ್ನೆಲ್ಲ ಮನೆಗೆ ತೆಗೆದುಕೊಂಡು ಹೋಗಿ, ಬೇಸಿಗೆಯಲ್ಲಿ ಕೂತು ನಾನಾಗಿಯೇ ಹೆಸರು ಹಚ್ಚಿ ತರಬೇಕು, ಆಮೇಲೆ ನೋಡೋಣ ಎಂದರು.

ಆ ದಿನ ಎತ್ತಿದ್ದರಲ್ಲಿ ಒಂದು ಪೊಟ್ಟಣಕ್ಕೆ ಹಿಡಿಯಲಿಲ್ಲ. ದೊಡ್ಡದೊಂದು ಬಂಡೆಯಿಂದ ತಾನಾಗಿ ಕಳಚಿ ಬಿದ್ದಿದ್ದ ಅಂಗೈಯಗಲದ ಚಕ್ಕೆ. ಅದರ ಮುಖದ ತುಂಬಾ ಹಳದಿ. ನಿಂಬೆಹಣ್ಣಿನ ಹಳದಿಯೂ ಅಲ್ಲ, ಸೇವಂತಿಗೆಯ ಹಳದಿಯೂ ಅಲ್ಲ, ಎರಡರ ನಡುವಿನದು. ಬೇಸಿಗೆಯಲ್ಲಿ ಬಿರಿದ ಕೆರೆಯ ಅಂಗಳದ ಹಾಗೆ ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಕೂತಿತ್ತು. ಅದನ್ನು ಗ್ಯಾರೇಜಿನ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಕೆಳಗೆ ಅದರ ಚೀಟಿ ಇಟ್ಟೆ.

ಜುಲೈ ತುಂಬಾ ಪೊಟ್ಟಣಗಳ ಮೇಲೆ ಕೂತೆ. ಆಗಸ್ಟಿನಲ್ಲಿ ಸ್ಟುಡಿಯೋದವರು ಕೆಲವು ದಿನ ಬರ್ಬ್ಯಾಂಕಿಗೇ ಬನ್ನಿ ಎಂದರು. ಹೋಗಿ ಬಂದೆ. ಬಂದ ಮೇಲೆ ಹಳದಿ ಕಲ್ಲಿನ ಸರದಿ.

ಕಲ್ಲುಹೂವುಗಳಲ್ಲಿ ಕಣ್ಣಿಗೆ ಒಂದೇ ಥರ ಕಾಣುವವು ಬಹಳ. ಅದಕ್ಕಾಗಿ ಕೆಲವು ಹನಿ ಪರೀಕ್ಷೆಗಳಿವೆ. ಕ್ಷಾರದ ನೀರನ್ನು ಒಂದು ಹನಿ ಹಾಕಿದರೆ ಕೆಲವು ಕೆಂಪಾಗುತ್ತವೆ, ಕೆಲವು ಸುಮ್ಮನಿರುತ್ತವೆ. ಆ ಬೆಟ್ಟಸಾಲಿನಲ್ಲಿ ಹಳದಿಯಾಗಿ ಒಡೆದು ಕೂರುವುದು ಬಹಳ ಸಾಮಾನ್ಯವಾದ ಒಂದು ಜಾತಿ, ಅದು ಹನಿ ಬಿದ್ದರೂ ಸುಮ್ಮನಿರುವಂಥದ್ದು. ನನಗೆ ಅದೇ ಎಂದು ಗೊತ್ತಿತ್ತು. ಆದರೂ ನಿಯಮಕ್ಕೆಂದು ಕಲ್ಲಿನ ನಡುಮಧ್ಯೆ ಒಂದು ಹನಿ ಬಿಟ್ಟೆ.

ಕೆಂಪಾಯಿತು. ಮೆಲ್ಲಗೆ ಅಲ್ಲ, ಕೂಡಲೇ. ಇಟ್ಟಿಗೆಯ ಕೆಂಪಿನಿಂದ ರಕ್ತದ ಕೆಂಪಿಗೆ ಹೋಯಿತು. ಬಿರುಕುಗಳ ಸಂದಿಯಲ್ಲಿ ಬಣ್ಣ ಓಡಿತು.

ನಾನು ಸ್ಟೂಲಿನಿಂದ ಎದ್ದು ನಿಂತೆ, ಮತ್ತೆ ಕೂತೆ. ಇನ್ನೊಂದು ಮೂಲೆಗೆ ಹನಿ ಬಿಟ್ಟೆ. ಅಲ್ಲೂ ಕೆಂಪು. ಪುಸ್ತಕಗಳಲ್ಲಿ, ಆ ಬೆಟ್ಟಸಾಲಿನ ಪಟ್ಟಿಗಳಲ್ಲಿ ಹುಡುಕಿದೆ, ಇಂಥ ಹಳದಿ, ಇಂಥ ಒಡಕು, ಮೇಲೆ ಈ ಕೆಂಪು, ಮೂರೂ ಸೇರಿದ ಒಂದು ಜಾತಿಯೂ ಸಿಗಲಿಲ್ಲ. ಫೋಟೋ ತೆಗೆದೆ. ಎಲ್ಲವೂ ಮಸುಕಾದವು, ಮತ್ತೆ ತೆಗೆದೆ. ಇದು ಹೊಸ ಜಾತಿಯೇ ಇರಬೇಕು ಎಂದು ಮೇಡಂಗೆ ಉದ್ದನೆಯ ಈಮೇಲ್ ಬರೆದೆ. ಆ ಈಮೇಲನ್ನು ಈಗ ಓದಲು ನನಗಾಗುವುದಿಲ್ಲ. ಅವರ ಉತ್ತರ ಎರಡೇ ಸಾಲು. ಕುತೂಹಲದ ವಿಷಯ, ಗುರುವಾರ ಎಲ್ಲ ಪೊಟ್ಟಣಗಳ ಜೊತೆಗೆ ಕಲ್ಲನ್ನೂ ತನ್ನಿ.

ನಡುವೆ ಆಂಟಿಯ ಮಗಳ ಹುಟ್ಟುಹಬ್ಬ ಬಂತು. ಅವಳು ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ವಾರವೇ ಕಾಲೇಜಿಗೆ ಹೊರಡುವವಳಿದ್ದಳು. ಸಂಜೆ ಆರತಿ ಮಾಡಬೇಕೆಂದು ಆಂಟಿ ನನ್ನನ್ನು ಒಳಗೆ ಕರೆದು, ತಟ್ಟೆಯಲ್ಲಿ ನೀರು ಹಾಕಿ ಅರಿಶಿನ ಕದಡು ಎಂದರು. ಕದಡಿದೆ. ಸುಣ್ಣದ ಡಬ್ಬಿ ಕೊಟ್ಟರು. ಬೆರಳ ತುದಿಯಲ್ಲಿ ತೆಗೆದು ನೀರಿಗೆ ಬೆರೆಸಿದೆ.

ನೀರು ಕೆಂಪಾಯಿತು. ಮೆಲ್ಲಗೆ ಅಲ್ಲ, ಕೂಡಲೇ.

ಸಾವಿರ ಸಲ ನೋಡಿದ್ದು. ತೊಟ್ಟಿಲಿನ ಮಗುವಿನಿಂದ ಹಿಡಿದು ಹೊಸ ಮದುಮಕ್ಕಳವರೆಗೆ ಎಲ್ಲರಿಗೂ ಇದೇ ನೀರು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂದು ಆರನೇ ವಯಸ್ಸಿನಲ್ಲೇ ನನಗೆ ಗೊತ್ತಿತ್ತು. ಸುಣ್ಣವೂ ಒಂದು ಕ್ಷಾರವೇ ತಾನೆ. ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಆಂಟಿ ಹಿಂದಿನಿಂದ ತಟ್ಟೆ ತೆಗೆದುಕೊಂಡರು. ಆರತಿ ಆಯಿತು, ಕೇಕೂ ಆಯಿತು. ಏನು ತಿಂದೆನೋ ನೆನಪಿಲ್ಲ.

ಅಡುಗೆಮನೆಯಿಂದ ಒಂದು ಚಿಟಿಕೆ ಅರಿಶಿನ ಕೇಳಿ ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಅಂಗಳದ ಒಂದು ಬರಿ ಕಲ್ಲಿಗೆ ತಿಕ್ಕಿ, ತೊಳೆದು, ಒರೆಸಿ, ಹನಿ ಬಿಟ್ಟೆ. ಅದೇ ಕೆಂಪು. ಆಮೇಲೆ ಹಳದಿ ಕಲ್ಲನ್ನು ಮಗುಚಿ, ಕೆಳಗಿನ ಅಂಚಿನಲ್ಲಿ, ಕೈ ತಾಗದ ಸಂದಿಯಲ್ಲಿ ಉಳಿದಿದ್ದ ಒಂದು ಚಿಕ್ಕ ಹಳದಿ ತುಂಡಿಗೆ ಹನಿ ಬಿಟ್ಟೆ. ಏನೂ ಆಗಲಿಲ್ಲ.

ಆಂಟಿ ಸಿಂಕಿನ ಬಳಿ ಕೇಕಿನ ಚಾಕು ತೊಳೆಯುತ್ತಿದ್ದರು.

"ಆಂಟಿ, ಗ್ಯಾರೇಜ್ ಕಿಟಕಿ ಹತ್ರ ಇಟ್ಟಿದ್ನಲ್ಲ, ಆ ಹಳದಿ ಕಲ್ಲು. ಅದಕ್ಕೆ ಅರಿಶಿನ ಏನಾದ್ರೂ ತಾಗಿತ್ತಾ?"

"ತಾಗೂದೇನು, ನಾನ ಹಚ್ಚೀನಿ. ಪಂಚಮಿಗೆ ಹಾಲೆರಿಬೇಕಿತ್ತಲ್ಲ."

ಪ್ರತಿವರ್ಷ ನಾಗರಪಂಚಮಿಗೆ ಅವರು ಸ್ಯಾಂಟಾ ಕ್ಲಾರಿಟಾದಲ್ಲಿರುವ ಸಂಬಂಧಿಕರ ಮನೆಗೆ ಹೋಗುತ್ತಿದ್ದರು. ಕಲ್ಲಿನ ನಾಗಪ್ಪ ಇರುವುದು ಅಲ್ಲಿ. ಈ ವರ್ಷ ಆ ಮನೆಯಲ್ಲಿ ಎಲ್ಲರಿಗೂ ಕೋವಿಡ್. ಮಣ್ಣಿನಲ್ಲಿ ಮಾಡೋಣವೆಂದರೆ ಹಿತ್ತಲಿನಲ್ಲಿ ಮಣ್ಣೇ ಕಾಣದ ಹಾಗೆ ಮರದ ಚಕ್ಕೆ ಹರಡಿದ್ದಾರೆ. ಆಗ ಆಂಟಿಗೆ ಕಿಟಕಿಯಲ್ಲಿ ನಿಂತಿದ್ದ ಕಲ್ಲು ಕಂಡಿದೆ. ನಿಂತ ಹಾಗಿದೆ, ಹೆಡೆಯ ಹಾಗೆ ಮೇಲೆ ಅಗಲ, ಮೈತುಂಬಾ ಹಳದಿ. ನಾನು ಬರ್ಬ್ಯಾಂಕಿನಲ್ಲಿ ಮೀಟಿಂಗಿನಲ್ಲಿದ್ದೆ, ಫೋನ್ ಎತ್ತಿರಲಿಲ್ಲ.

"ಕುಂಕುಮ ಹಚ್ಚಲಿಲ್ಲ ನೋಡು ಮತ್ತ. ಕಲ್ಲು ಕೆಂಪಾದ್ರ ನಿನ್ನ ಕೆಲಸಕ್ಕ ತೊಂದ್ರಿ ಆದೀತು ಅಂತ ಬರೇ ಅರಿಷಿಣ ಹಚ್ಚೀನಿ. ಆಮ್ಯಾಲೆ ಛಲೋತಂಗ ತೊಳದು, ಒರಸಿ, ಎಲ್ಲಿತ್ತೋ ಅಲ್ಲೇ ಇಟ್ಟೀನಿ. ಯಾಕ, ಮುರದೈತೇನು?"

ನಾನು ಹೇಳಿದೆ. ಈಮೇಲ್ ಬರೆದದ್ದನ್ನೂ, ಗುರುವಾರದ ವಿಷಯವನ್ನೂ, ಚೌಕದ ವಿಷಯವನ್ನೂ. ಆಂಟಿ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತರು. ಅವರ ಕಡೆ ಹಾಲೆರೆಯುವಾಗ ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಸಲ ಎರೆಯುತ್ತಾರೆ. ಕೊಬ್ಬರಿ ಬಟ್ಟಲಿನಲ್ಲಿ ಹಾಲು, ಜೊತೆಗೆ ಬೆಲ್ಲ.

"ನಿಂದೂ ಪಾಲು ಎರದೀನಿ," ಎಂದರು. "ಊರಾಗ ಇಲ್ಲಲ್ಲ, ನಿನ್ನ ಪಾಲು ತಪ್ಪಬಾರದು ಅಂತ."

ಸಿಟ್ಟು ಮಾಡಿಕೊಳ್ಳಲು ನನಗೆ ಜಾಗವೇ ಉಳಿಯಲಿಲ್ಲ.

ಆಂಟಿ ಇಂಜಿನಿಯರು, ತೊಂದರೆ ಬಂದರೆ ಪರಿಹಾರ ಕೊಡದೆ ಕೂರಲಾರರು. ಮೊದಲು ಅವರು ಹೇಳಿದ್ದು ಕಲ್ಲು ಕಳೆದುಹೋಯಿತು ಎಂದು ಬರೆದುಬಿಡು ಎಂದು. ಮಗಳ ಕಾಲೇಜಿನ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಏನೇನೋ ಕಳೆಯುತ್ತದೆ, ಒಂದು ಕಲ್ಲು ಕಳೆಯುವುದಿಲ್ಲವೇ. ನನಗೂ ಒಂದು ಕ್ಷಣ ಅದು ಒಳ್ಳೆಯ ದಾರಿಯೆಂದೇ ಅನ್ನಿಸಿತು. ಆದರೆ ಕಲ್ಲು ಕಳೆದರೂ ಫೋಟೋ ಮೇಡಂ ಬಳಿ ಇದೆಯಲ್ಲ. ಕೆಂಪು ಚುಕ್ಕೆಯ ಫೋಟೋ. ಅವರು ಅದನ್ನು ಮರೆಯುವವರಲ್ಲ. ಮುಂದೆ ಯಾವತ್ತೋ ನಕ್ಷೆಯಲ್ಲಿ ಆ ಕಣಿವೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ, ಯಾರೋ ಪುಣ್ಯಾತ್ಮರು ನೀರು ಹೊತ್ತುಕೊಂಡು ಆ ಬಿಸಿಲಲ್ಲಿ ಇಲ್ಲದ್ದನ್ನು ಹುಡುಕುತ್ತಾರೆ. ಅದನ್ನು ಆಂಟಿಗೆ ಹೇಳಿದೆ.

"ಹಂಗಾದ್ರ ನಾನೂ ಬರ್ತೀನಿ ಲಾ ಹೋಯಾಕ," ಎಂದರು. "ಹಚ್ಚಿದಾಕಿ ನಾನು. ನಾನ ಹೇಳ್ತೀನಿ."

ಗುರುವಾರ ಇಬ್ಬರೂ ಹೋದೆವು. ಆಂಟಿ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ರಿವ್ಯೂ ಮೀಟಿಂಗಿಗೆ ಹಾಕುವ ಕೋಟು ಹಾಕಿಕೊಂಡಿದ್ದರು. ಸಂಗ್ರಹಾಲಯ ಎಂದರೆ ಏನೋ ದೊಡ್ಡದಲ್ಲ, ಉಕ್ಕಿನ ಕಪಾಟುಗಳ ಸಾಲು, ಒಣ ಎಲೆಗಳ ವಾಸನೆ, ಮೂಲೆಯಲ್ಲಿ ಒಂದು ಮೇಜು. ಮೇಡಂ ಕಲ್ಲಿಗೆ ಕೈಚಾಚಿದರು. ನಾನು ಕೊಡುವ ಮೊದಲೇ ಇದು ನಾನು ಬರೆದಂಥದ್ದಲ್ಲ, ತಪ್ಪಾಗಿದೆ ಎಂದೆ. ಮುಂದೆ ನನ್ನ ಇಂಗ್ಲಿಷ್ ತಡವರಿಸಿತು. ಆಂಟಿ ಶುರುಮಾಡಿದರು. ಯಾವ ದಿನ, ಯಾವ ಕಾರಣಕ್ಕೆ, ಅರಿಶಿನ ಎಷ್ಟು, ಹಾಲು ಎಷ್ಟು, ಯಾವ ನಲ್ಲಿಯಡಿಯಲ್ಲಿ ಎಷ್ಟು ತೊಳೆದದ್ದು, ಎಲ್ಲವನ್ನೂ ಒಂದಾದ ಮೇಲೊಂದರಂತೆ, ಸಿಸ್ಟಮ್ ಯಾಕೆ ಡೌನ್ ಆಯಿತು ಎಂದು ಮ್ಯಾನೇಜರಿಗೆ ವಿವರಿಸುವ ಹಾಗೆ. ಮೇಡಂ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಹಾಲು ಕಾಯಿಸಿದ್ದೋ ಹಸಿಯದೋ. ಹಸಿಯದು, ಯಾವಾಗಲೂ ಹಸಿಯದೇ, ಎಂದು ಆಂಟಿ ಸ್ವಲ್ಪ ಬಿರುಸಾಗಿಯೇ ಹೇಳಿದರು.

ಕಲ್ಲನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಮೇಡಂ ನೋಡಿದರು. ನನಗೂ ತೋರಿಸಿದರು. ಹಳದಿ ತುಂಡುಗಳ ನಡುವಿನ ಬಿರುಕುಗಳಲ್ಲಿ ಇನ್ನೊಂದು ಹಳದಿಯ ಪುಡಿ ಕೂತಿತ್ತು. ಹಳದಿಯ ಮೇಲೆ ಹಳದಿ. ಬರಿಗಣ್ಣಿಗೆ ಯಾರಿಗೂ ಕಾಣುತ್ತಿರಲಿಲ್ಲ. ಆಂಟಿಯೂ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು, ಅಯ್ಯ, ನಾ ಎಷ್ಟು ತೊಳದಿದ್ದೆ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಈ ಕಲ್ಲು ಇನ್ನು ಸಂಗ್ರಹಕ್ಕೆ ಬರುವುದಿಲ್ಲ, ತೆಗೆದುಕೊಂಡು ಹೋಗಿ ಎಂದರು ಮೇಡಂ. ಹಾಗಾದರೆ ಮುಂದಿನ ಪಂಚಮಿಗೆ ಇಟ್ಟುಕೊಳ್ಳಬಹುದೇ ಎಂದು ಆಂಟಿ ಕೇಳಿದರು. ಮೇಡಂ ಮುಖದಲ್ಲಿ ನಗು ಬಂತು, ನಾನು ನೋಡಿದ ಮೊದಲ ನಗು ಅದು. ಅದಕ್ಕಿಂತ ಒಳ್ಳೆಯ ಉಪಯೋಗ ತನಗೂ ತೋಚುತ್ತಿಲ್ಲ ಎಂದರು.

ಆಮೇಲೆ ಉಳಿದ ಪೊಟ್ಟಣಗಳು. ಒಂದೊಂದೇ ಬಿಚ್ಚಿದರು. ಹೆಚ್ಚಿನವು ಸರಿಯಿದ್ದವು, ಕೆಲವು ತಪ್ಪು. ತಪ್ಪಿದ್ದಕ್ಕೆ ಯಾಕೆ ತಪ್ಪು ಎಂದು ಹೇಳಿ ಮಡಿಸಿ ಇಟ್ಟರು. ಇನ್ನು ಚೌಕದ ಆಸೆ ಬಿಡಬೇಕು ಎಂದು ನಾನು ಮನಸ್ಸಿನಲ್ಲೇ ತಯಾರಾಗುತ್ತಿದ್ದೆ. ಆಗ ಅವರು ನಕ್ಷೆ ಎಲ್ಲಿ ಎಂದು ಕೇಳಿದರು.

ಆ ಕಣಿವೆಯ ಗೋಡೆಗಳು ಎತ್ತರ. ಫೋನಿನ ಚುಕ್ಕೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಹಾರುತ್ತಿರುತ್ತದೆ. ಅದಕ್ಕೆ ಎಲ್ಲರೂ ಕೈಯಲ್ಲೂ ಒಂದು ನಕ್ಷೆ ಬರೆಯಬೇಕೆಂದು ನಿಯಮ. ಉಳಿದವರು ಹಳ್ಳ, ದಿಬ್ಬ, ಇಳಿಜಾರು ಎಲ್ಲವನ್ನೂ ಅಂದವಾಗಿ ಬರೆಯುತ್ತಾರೆ. ನನಗೆ ಚಿತ್ರ ಬರುವುದಿಲ್ಲ. ನಾನು ಹಳ್ಳಕ್ಕೆ ಒಂದು ವಕ್ರ ಗೆರೆ ಎಳೆದು, ಅದರ ಅಕ್ಕಪಕ್ಕ ಯಾವ ಬಂಡೆಯ ಯಾವ ಮೈಯಲ್ಲಿ ಯಾವ ಬಣ್ಣದ ಕಲ್ಲುಹೂವು ಇದೆಯೋ ಅದನ್ನು ಬಣ್ಣದ ಪೆನ್ಸಿಲಿನಿಂದ ಮೆತ್ತಿದ್ದೆ. ಗಜಕರ್ಣ ಹಿಡಿದ ಹಸುವಿನ ಹಾಗೆ ಕಾಣುತ್ತಿತ್ತು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು.

"ಹೆಸರು ತಪ್ಪಾದರೆ ನಾನು ಇಲ್ಲಿ ಕೂತು ತಿದ್ದಬಲ್ಲೆ. ಜಾಗ ತಪ್ಪಾದರೆ ಯಾರೂ ತಿದ್ದಲಾರರು," ಎಂದರು. "ನವೆಂಬರಿನಲ್ಲಿ ನನ್ನನ್ನು ಈ ಚಕ್ಕೆ ಕಳಚಿದ ಬಂಡೆಗೆ ಕರೆದುಕೊಂಡು ಹೋಗು. ಫೋನಿಲ್ಲದೆ, ಈ ಕಾಗದ ಹಿಡಿದು. ಸಿಕ್ಕರೆ ಚೌಕ ನಿನ್ನದು. ಸಿಗದಿದ್ದರೆ ಇನ್ನೊಂದು ವರ್ಷ ಪೊಟ್ಟಣ ಮಡಿಸು."

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಕಾರು ಆಂಟಿಯದು, ಡ್ರೈವಿಂಗೂ ಅವರದೇ. ಬೇಡವೆಂದರೂ ಕೇಳಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಬಂದಿದ್ದರು. ಮೇಡಂ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಚಟ್ನಿಯಲ್ಲಿ ಏನೇನು ಹಾಕಿದ್ದಾರೆ ಎಂದು ವಿಚಾರಿಸುತ್ತಿದ್ದರು. ಬೆಟ್ಟ ಏರಿ, ಪೈನ್ ಮರಗಳನ್ನು ದಾಟಿ, ಆ ಕಡೆ ಇಳಿದರೆ ಇದ್ದಕ್ಕಿದ್ದಂತೆ ಹಸಿರು ನಿಂತುಹೋಗುತ್ತದೆ. ಗಾಳಿಯ ವಾಸನೆಯೇ ಬೇರೆ. ಮುಳ್ಳುಕಡ್ಡಿಗಳು, ಕಂದು ಬೆಟ್ಟಗಳು, ದೂರದಲ್ಲಿ ಬಿಳಿಯ ಮರಳು. ಆಂಟಿ ಗಾಡಿ ನಿಲ್ಲಿಸಿ ಸುತ್ತ ನೋಡಿ, ನಮ್ಮ ಕಡೆ ಬ್ಯಾಸಗಿ ಇದ್ದಂಗ ಐತಿ, ಬೇವಿನ ಗಿಡ ಒಂದು ಕಡಿಮಿ ಎಂದರು.

ಕಣಿವೆಯ ಬಾಯಿಗೆ ಬಂದು ಕಾಗದ ಬಿಚ್ಚಿದೆ. ಎದುರಿಗಿದ್ದ ಹಳ್ಳ ನನ್ನ ಹಳ್ಳವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಆ ಕಡೆ ದೊಡ್ಡ ಮಳೆ ಬಿದ್ದಿತ್ತು ಎಂದು ಓದಿದ್ದೆ. ಮರುಭೂಮಿಯ ಮಳೆ ಅಂದರೆ ಒಂದು ಮಧ್ಯಾಹ್ನ ಬಂದು ಹೋಗುವುದು. ಆದರೆ ಆ ಒಂದು ಮಧ್ಯಾಹ್ನ ಹಳ್ಳ ತನ್ನ ಹಾಸಿಗೆಯನ್ನೇ ಬದಲಾಯಿಸಿಕೊಂಡಿತ್ತು. ಎಡಕ್ಕೆ ತಿರುಗಬೇಕಾದಲ್ಲಿ ನೇರ ಹೋಗಿತ್ತು. ನಾನು ಗುರುತು ಮಾಡಿದ್ದ ಮರಳಿನ ದಿಬ್ಬ ಇರಲಿಲ್ಲ. ಇಲ್ಲದಿದ್ದ ಕಡೆ ಕಲ್ಲುಗುಂಡುಗಳ ರಾಶಿ. ನನ್ನ ಗೆರೆಯನ್ನು ನಂಬಿ ಒಂದಷ್ಟು ದೂರ ನಡೆದೆ, ಇಬ್ಬರೂ ಹಿಂದೆ ಬಂದರು. ಗೆರೆ ಒಂದು ಗೋಡೆಗೆ ಹೋಗಿ ನಿಂತಿತು. ವಾಪಸ್ಸು ಬಂದೆ. ಇನ್ನೊಂದು ಕಡೆ ನಡೆದೆ. ಅಲ್ಲೂ ಗುರುತು ಸಿಗಲಿಲ್ಲ.

ಮೇಡಂ ಒಂದು ಬಂಡೆಯ ನೆರಳಿನಲ್ಲಿ ಕೂತು ಕಿತ್ತಳೆಹಣ್ಣು ಸುಲಿಯತೊಡಗಿದರು. ಆಂಟಿ ನನ್ನ ಪಕ್ಕ ಬಂದು ಕಾಗದದೊಳಗೆ ಇಣುಕಿದರು.

"ಎಲ್ಲಾ ಬಂಡಿ ಒಂದ ಥರ ಅದಾವಲ್ಲ ತಂಗಿ. ನಿನಗ ಹೆಂಗ ಗೊತ್ತಾಗ್ತೈತಿ?"

ಒಂದೇ ಥರ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಲ್ಲಿಗೇ ನಿಂತೆ. ನಿಜವಾಗಿಯೂ ಇಲ್ಲವಲ್ಲ. ಹಳ್ಳ ಒಂದು ಮಧ್ಯಾಹ್ನದಲ್ಲಿ ಬದಲಾಗುತ್ತದೆ. ಬಂಡೆಯ ಮೇಲಿನದು ನೂರು ವರ್ಷಕ್ಕೆ ಉಗುರಿನಗಲ ಬೆಳೆದರೆ ಹೆಚ್ಚು. ನಾನು ಗೆರೆಯ ಹಿಂದೆ ಯಾಕೆ ಹೋಗುತ್ತಿದ್ದೇನೆ. ಕಾಗದವನ್ನು ಮಡಿಸಿ, ಹಳ್ಳದ ಗೆರೆ ಮಡಿಕೆಯೊಳಗೆ ಹೋಗುವ ಹಾಗೆ ಮಾಡಿ, ಬಣ್ಣದ ಮೆತ್ತುಗಳನ್ನು ಮಾತ್ರ ನೋಡಿದೆ.

ಮೊದಲನೆಯದು ಕಿತ್ತಳೆ ತಲೆಯ ಬಂಡೆ. ಹಕ್ಕಿಗಳು ಕೂತು ಹಿಕ್ಕೆ ಹಾಕುವ ನೆತ್ತಿಗಳಲ್ಲೇ ಆ ಕಿತ್ತಳೆ ಸೊಂಪಾಗಿ ಬೆಳೆಯುತ್ತದೆ. ತಲೆಯೆತ್ತಿ ಸುತ್ತ ನೋಡಿದೆ. ಕಲ್ಲುಗುಂಡುಗಳ ರಾಶಿಯ ಆಚೆ, ನಾನು ಹೋಗಲೇ ಇಲ್ಲದ ಕಡೆ, ಒಂದು ನೆತ್ತಿ ಕಿತ್ತಳೆಯಾಗಿತ್ತು. ಹತ್ತಿರ ಹೋದೆ. ಅದೇ. ಅಲ್ಲಿಂದ ಬೆಟ್ಟದ ಕಡೆಗೆ, ನಡುವೆ ಸೀಳಿಕೊಂಡ ಒಂದು ಬಂಡೆ ಇರಬೇಕು, ಉತ್ತರಕ್ಕೆ ಮುಖ ಮಾಡಿದ ಹೋಳಿನ ಮೇಲೆ ಮಾತ್ರ ಬೂದುಹಸಿರು ಚಕ್ರಗಳು. ಇತ್ತು. ಚಕ್ರಗಳನ್ನು ಬೆರಳಿನಿಂದ ಮುಟ್ಟದೆ ಸುಮ್ಮನೆ ಎಣಿಸಿದ ಹಾಗೆ ನೋಡಿದೆ, ನನ್ನ ಪೆನ್ಸಿಲಿನ ಮೆತ್ತುಗಳು ಇದ್ದ ಜಾಗದಲ್ಲೇ ಇದ್ದವು. ಆಮೇಲೆ ಕಪ್ಪು ಹೊಪ್ಪಳೆ ಎದ್ದಂಥ ಕಲ್ಲುಹೂವಿನ ಒಂದು ಚಪ್ಪಡಿ. ಅದು ಸಿಗಲು ಸ್ವಲ್ಪ ಹೊತ್ತಾಯಿತು, ಅರ್ಧ ಮರಳಿನಲ್ಲಿ ಹೂತಿತ್ತು. ಕೈಯಿಂದ ಮರಳು ತಳ್ಳಿದೆ. ಹಿಂದೆ ಮೇಡಂ ಎದ್ದು ಬರುವ ಸದ್ದು ಕೇಳಿತು.

ಚಪ್ಪಡಿಯ ಮೇಲೆ ಹತ್ತಿ, ಬೆಟ್ಟದ ಬುಡಕ್ಕೆ ತಿರುಗಿದರೆ ಬಂಡೆ. ನನಗಿಂತ ಎತ್ತರ. ನೆರಳಿನ ಮೈ ತುಂಬಾ ಹಳದಿ ಹರಿದಿತ್ತು, ಯಾರೋ ಮೇಲಿನಿಂದ ಸುರಿದು ನಡುವೆ ಸಾಕೆಂದು ನಿಲ್ಲಿಸಿದ ಹಾಗೆ. ಸೊಂಟದೆತ್ತರದಲ್ಲಿ ಅಂಗೈಯಗಲದ ಒಂದು ಬಿಳಿಚು ಗಾಯ. ಚಕ್ಕೆ ಕಳಚಿ ಬಿದ್ದ ಜಾಗ. ಆಂಟಿ ಅದರ ಮುಂದೆ ಬಂದು ನಿಂತು, ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದ್ದು ನನಗೆ ಗೊತ್ತಾಯಿತು. ಬಿಡಲಿಲ್ಲ. ಅಲ್ಲಿ ಮುಳ್ಳು ಬಹಳ.

ಮೇಡಂ ಗಾಯದ ಪಕ್ಕದಿಂದ ಬೆರಳುಗುರಿನಷ್ಟು ಚೂರು ಎತ್ತಲು ನನಗೆ ಉಳಿ ಕೊಟ್ಟರು. ಎತ್ತಿದೆ. ಅದರ ಮೇಲೆ ಒಂದು ಹನಿ ಬಿಟ್ಟೆ. ಮೂವರೂ ಬಗ್ಗಿ ನೋಡಿದೆವು. ಹನಿ ಹಳದಿಯ ಮೇಲೆ ಗುಂಡಗೆ ನಿಂತಿತು, ಹರಡಿತು, ಇಂಗಿತು. ಹಳದಿ ಹಳದಿಯಾಗಿಯೇ ಉಳಿಯಿತು. ಆ ಬೆಟ್ಟಸಾಲಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಜಾತಿ, ಎಲ್ಲರ ಚೌಕದಲ್ಲೂ ಇರುವಂಥದ್ದು. ನಾನು ಅದಕ್ಕೆ ಪೊಟ್ಟಣ ಮಡಿಸಿ, ಜಾಗ, ಬಂಡೆಯ ಮುಖ, ದಿಕ್ಕು ಎಲ್ಲ ಬರೆದೆ.

ಎತ್ತಿದವರ ಹೆಸರು ಬರೆಯುವ ಕಡೆ ರೂಢಿಯಂತೆ ಮೇಡಂ ಹೆಸರು ಬರೆಯಲು ಹೋದೆ. ಅವರು ಪೆನ್ಸಿಲನ್ನು ಮೆಲ್ಲಗೆ ತಡೆದರು. ಕಿಸೆಯಿಂದ ಪರ್ಮಿಟ್ ಕಾಗದದ ಪ್ರತಿ ತೆಗೆದು ಬಂಡೆಯ ಬರಿಮೈಗೆ ಒತ್ತಿ ಹಿಡಿದು, ಇದಕ್ಕೆ ಸೇರಿಸಿ ಕಚೇರಿಗೆ ಸೋಮವಾರವೇ ಕಳಿಸಬೇಕು, ನಿನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳು ಎಂದರು. ಹೇಳಿದೆ. ಗಾಳಿ ಜೋರಾಗಿತ್ತು, ನಡುವಿನ ಒಂದು ಅಕ್ಷರವನ್ನು ಎರಡು ಸಲ ಹೇಳಬೇಕಾಯಿತು.